ವಳ್ಳುವರ್ ಹೇಳಿದ ಮದ್ದು

ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡಿಗನಿಗೆ ತಿರುಕ್ಕುರಳಿನ ಪರಿಚಯವೇ ಇಲ್ಲವೆಂದು ಹೇಳುವಂತಿಲ್ಲ. ಸರ್ಕಾರಿ ಬಸ್ಸನ್ನೇರಿದರೆ ಅಲ್ಲೊಂದು ಕುರಳು. ಶಾಲೆಯ ಗೋಡೆಯ ಮೇಲೊಂದು. ಕಚೇರಿಯ ಹಲಗೆಯ ಮೇಲೆ ದಿನಕ್ಕೊಂದು. ನುಂಗಂಬಾಕ್ಕಂನಲ್ಲಿ 1976ರಲ್ಲಿ ತಲೆಯೆತ್ತಿದ ವಳ್ಳುವರ್ ಕೋಟ್ಟಂನಲ್ಲಿ 1330 ಕುರಳುಗಳನ್ನೂ ಕಲ್ಲಿನಲ್ಲಿ ಕೊರೆಯಿಸಿದ್ದಾರೆ. 2000ದ ಜನವರಿ 1ರಂದು ಕನ್ಯಾಕುಮಾರಿಯ ಬಂಡೆಯ ಮೇಲೆ ಅನಾವರಣಗೊಂಡ ಪ್ರತಿಮೆಯ ಎತ್ತರ ಪೀಠವೂ ಸೇರಿ 133 ಅಡಿ. ಗ್ರಂಥದ ಅಧ್ಯಾಯಗಳ ಸಂಖ್ಯೆಯೂ 133. ನಾಣ್ಯಗಳನ್ನೂ ಈ ಕವಿ ಬಿಟ್ಟವನಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಕಲೆಕ್ಟರನಾಗಿದ್ದ ಎಲ್ಲಿಸ್ ಎಂಬ ವಿದ್ವಾಂಸನು ವಳ್ಳುವರ್ ಮೂರ್ತಿಯುಳ್ಳ ಚಿನ್ನದ ನಾಣ್ಯವನ್ನು ಹೊರಡಿಸಿದನೆಂದು ನಾಣ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. 1995ರಲ್ಲಿ ತಂಜಾವೂರಿನ ವಿಶ್ವ ತಮಿಳು ಸಮ್ಮೇಳನದ ಸ್ಮರಣೆಗಾಗಿ ಭಾರತ ಸರ್ಕಾರವೂ ಅದೇ ಮೂರ್ತಿಯ ನಾಣ್ಯಗಳನ್ನು ಹೊರತಂದಿತು.

ಕರ್ನಾಟಕಕ್ಕೂ ಈ ಮೂರ್ತಿಗೂ ಒಂದು ಕಥೆಯುಂಟು. ಬೆಂಗಳೂರಿನ ಹಲಸೂರು ಕೆರೆಯ ಬಳಿ 1991ರಲ್ಲಿ ಸಿದ್ಧವಾದ ವಳ್ಳುವರ್ ಪ್ರತಿಮೆ ಹದಿನೆಂಟು ವರ್ಷಗಳ ಕಾಲ ಮುಸುಕಿನೊಳಗೇ ನಿಂತಿತ್ತು. ಕಾವೇರಿಯ ವಿವಾದ ಕಾವೇರಿದ ದಿನಗಳವು. ನೀರಿನ ಜಗಳದ ಹೊರೆಯನ್ನು ಕವಿಯೂ ಹೊರಬೇಕಾಯಿತು. ಕಡೆಗೆ 2009ರ ಆಗಸ್ಟ್ 9ರಂದು ಆ ಮುಸುಕು ತೆಗೆಯಲ್ಪಟ್ಟಿತು. ನಾಲ್ಕು ದಿನಗಳ ಅನಂತರ, ಆಗಸ್ಟ್ 13ರಂದು, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಎರಡೂ ಸಮಾರಂಭಗಳಲ್ಲಿ ಪಾಲ್ಗೊಂಡರು. ಸಂತೋಷದ ಸಂಗತಿಯೇ. ಆದರೆ ಪ್ರತಿಮೆಯ ಮುಸುಕು ಹೋದರೂ ಪುಸ್ತಕದ ಮುಸುಕು ಹೋಗಿಲ್ಲವೆಂಬುದು ಹೊರನಾಡ ಕನ್ನಡಿಗರು ಆಲೋಚಿಸಬೇಕಾದ ವಿಷಯ. ಮೂವತ್ತು ನಲವತ್ತು ವರ್ಷ ತಮಿಳುನಾಡಿನ ನೀರು ಕುಡಿದವರ ಮನೆಯಲ್ಲಿಯೂ ಕುರಳೆಂದರೆ ಮಕ್ಕಳು ಪರೀಕ್ಷೆಯ ಅಂಕಗಳಿಗಾಗಿ ಬಾಯಿಪಾಠ ಮಾಡುವ ವಸ್ತು, ಅಥವಾ ಭಾಷಣದ ನಡುವೆ ಉದುರಿಸುವ ಒಗ್ಗರಣೆ. ತಮಿಳರ ಸ್ಥಿತಿಯೂ ಬಹಳ ಬೇರೆಯೇನಲ್ಲ. ಬಿಡಿಬಿಡಿಯಾಗಿ ಎಲ್ಲೆಲ್ಲಿಯೂ ಕಾಣಿಸಿಕೊಂಡದ್ದರಿಂದಲೇ ಇಡಿಯಾಗಿ ಓದಲ್ಪಡದೆ ಹೋದ ಗ್ರಂಥವಿದು.

ಗ್ರಂಥದ ರಚನೆಯನ್ನು ಸ್ವಲ್ಪ ಗಮನಿಸಬೇಕು. ಧರ್ಮಕ್ಕೆ 38 ಅಧ್ಯಾಯ, ಅರ್ಥಕ್ಕೆ 70, ಕಾಮಕ್ಕೆ 25. ಮೋಕ್ಷಕ್ಕೆಂದು ಬೇರೆ ಭಾಗವಿಲ್ಲ. ಪ್ರತಿ ಅಧ್ಯಾಯಕ್ಕೂ ಹತ್ತೇ ಹತ್ತು ದ್ವಿಪದಿಗಳು. ಪ್ರತಿ ದ್ವಿಪದಿಯಲ್ಲಿ ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ಮೂರು, ಒಟ್ಟು ಏಳು ಗಣಗಳು. ಇಷ್ಟು ಕಟ್ಟುನಿಟ್ಟಾಗಿ ಹತ್ತು ಹತ್ತರಂತೆ ಜೋಡಿಸಿದ ಕವಿಗೆ ಆ ಹತ್ತೂ ಒಟ್ಟಿಗೆ ಓದಲ್ಪಡಬೇಕೆಂಬ ಉದ್ದೇಶವಿರಲಿಲ್ಲವೆಂದು ನಂಬುವುದು ಕಷ್ಟ. ಒಂದನ್ನೇ ಕಿತ್ತು ಗೋಡೆಗೆ ಅಂಟಿಸಿದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನ ಸಾಕು. ವಿಧಿಯನ್ನು ಕುರಿತ ಮೂವತ್ತೆಂಟನೆಯ ಅಧ್ಯಾಯದ ಕಡೆಯ ಕುರಳು, ವಿಧಿಗಿಂತ ಬಲವಾದದ್ದು ಯಾವುದೂ ಇಲ್ಲವೆಂಬ ಭಾವದ್ದು. ಪ್ರಯತ್ನಶೀಲತೆಯನ್ನು ಕುರಿತ ಅರವತ್ತೆರಡನೆಯ ಅಧ್ಯಾಯದ ಕಡೆಯ ಕುರಳಾದರೋ, ಎಡೆಬಿಡದೆ ದುಡಿಯುವವನ ಮುಂದೆ ಆ ವಿಧಿಯೇ ಬೆನ್ನು ತೋರಿಸಿ ಓಡುವುದೆಂಬ ಭಾವದ್ದು. ಶಾಲೆಗಳ ಗೋಡೆಗೆ ಎರಡನೆಯದೇ ಪ್ರಿಯವೆಂದು ಬೇರೆ ಹೇಳಬೇಕಾಗಿಲ್ಲ. ಒಂದನ್ನು ಮಾತ್ರ ಬಲ್ಲವನು ವಳ್ಳುವರನ್ನು ವಿಧಿವಾದಿಯೆಂದಾನು. ಮತ್ತೊಂದನ್ನು ಮಾತ್ರ ಬಲ್ಲವನು ಅದಕ್ಕೆ ನೇರ ವಿರುದ್ಧವಾದ ಹೆಸರನ್ನಿತ್ತಾನು. ಎರಡನ್ನೂ ಅವುಗಳ ಒಂಬತ್ತೊಂಬತ್ತು ನೆಂಟರೊಡನೆ ಓದಿದವನಿಗೆ ಕಾಣುವ ಮನುಷ್ಯನೇ ಬೇರೆ: ಬಾಳಿನಲ್ಲಿ ಎರಡನ್ನೂ ಕಣ್ಣಾರೆ ಕಂಡು, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲು ಮನಸ್ಸಿಲ್ಲದವನು.

ಆರೋಗ್ಯದ ಲೇಖನಗಳಿಗೆ ಮೀಸಲಾದ ಪುಟಗಳ ನಡುವೆ ಈ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಕುರಳಿನ ತೊಂಬತ್ತೈದನೆಯ ಅಧ್ಯಾಯದ ಹೆಸರು ‘ಮರುಂದು’. ಕನ್ನಡಿಗನಿಗೆ ಈ ಶಬ್ದ ಹೊರಗಿನದಲ್ಲ. ಹಳಗನ್ನಡದ ‘ಮರ್ದು’, ಇಂದಿನ ‘ಮದ್ದು’ ಅದರ ಸೋದರ ಶಬ್ದಗಳೇ. ಈ ಮದ್ದಿನ ಅಧ್ಯಾಯದ ವೈಶಿಷ್ಟ್ಯವೆಂದರೆ ಅದರಲ್ಲಿ ಒಂದೇ ಒಂದು ಮದ್ದಿನ ಹೆಸರೂ ಇಲ್ಲ. ಬೇರಿಲ್ಲ, ಸೊಪ್ಪಿಲ್ಲ, ಕಷಾಯವಿಲ್ಲ, ಭಸ್ಮವಿಲ್ಲ. ಮೊದಲನೆಯ ಕುರಳು ವಾತವೇ ಮೊದಲಾದ ಮೂರು ದೋಷಗಳು ಹೆಚ್ಚಾದರೂ ಕಡಿಮೆಯಾದರೂ ರೋಗವೆಂದು ಆಯುರ್ವೇದದ ಮಾತನ್ನೇ ಹೇಳಿ ಮುಗಿಸುತ್ತದೆ. ಮುಂದಿನ ಆರೂ ಊಟದ ವಿಚಾರ. ಹಿಂದೆ ಉಂಡದ್ದು ಜೀರ್ಣವಾಯಿತೆಂದು ತಿಳಿದು ಉಣ್ಣುವವನ ದೇಹಕ್ಕೆ ಮದ್ದಿನ ಗೊಡವೆಯೇ ಬೇಡವೆಂಬುದು ಅವುಗಳ ಮೊದಲ ನಿಲುವು. ಅನಂತರ ಪ್ರಮಾಣದ ಮಾತು, ಹಸಿವಿನ ಮಾತು, ಒಗ್ಗದ ಪದಾರ್ಥವನ್ನು ಒಲ್ಲೆನೆನ್ನುವ ಮಾತು, ಜಠರಾಗ್ನಿಯ ಶಕ್ತಿಯನ್ನು ಲೆಕ್ಕಿಸದೆ ತುಂಬುವವನಿಗೆ ಬರುವ ಲೆಕ್ಕವಿಲ್ಲದ ರೋಗಗಳ ಮಾತು. ಮಿತವಾಗಿ ಉಣ್ಣುವವನಲ್ಲಿ ಸುಖವೂ, ವಿಪರೀತವಾಗಿ ಉಣ್ಣುವವನಲ್ಲಿ ರೋಗವೂ ಖಾಯಂ ಬಾಡಿಗೆದಾರರಂತೆ ಮನೆಮಾಡುತ್ತವೆ ಎಂಬುದು ಒಂದರ ಸಾರ. ಬಾಡಿಗೆದಾರರ ಉಪಮೆ ವಳ್ಳುವರದಲ್ಲ. ಆದರೆ ಚೆನ್ನೈನಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆ ಅದು ಬೇಗ ಅರ್ಥವಾಗುತ್ತದೆ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಅಜ್ಜಿಯರಿಂದ ಕೇಳಿ ಬೆಳೆದ ಕನ್ನಡಿಗನಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಹೊಸದಿರುವುದು ಅಧ್ಯಾಯದ ಉತ್ತರಾರ್ಧದಲ್ಲಿ. ಉಳಿದ ಮೂರು ಕುರಳುಗಳು ರೋಗಿಯನ್ನು ಬಿಟ್ಟು ವೈದ್ಯನ ಕಡೆಗೆ ತಿರುಗುತ್ತವೆ. ರೋಗವೇನೆಂದು ಅರಸಬೇಕು, ಅದರ ಮೂಲವನ್ನು ಅರಸಬೇಕು, ತಣಿಸುವ ಉಪಾಯವನ್ನು ಅರಸಬೇಕು, ಆಮೇಲೆ ತಪ್ಪದಂತೆ ಚಿಕಿತ್ಸೆ ಮಾಡಬೇಕು. ರೋಗಿಯ ಸ್ಥಿತಿ, ರೋಗದ ಬಲ, ಕಾಲ, ಈ ಮೂರನ್ನೂ ಅಳೆದು ನೋಡಬೇಕು. ಕಡೆಯದರಲ್ಲಿ ಚಿಕಿತ್ಸೆಗೆ ರೋಗಿ, ವೈದ್ಯ, ಔಷಧ, ಶುಶ್ರೂಷಕ ಎಂಬ ನಾಲ್ಕು ಅಂಗಗಳನ್ನು ಹೇಳುತ್ತಾನೆ. ಚರಕಸಂಹಿತೆಯಲ್ಲಿಯೂ ಚಿಕಿತ್ಸೆಗೆ ಇದೇ ನಾಲ್ಕು ಪಾದಗಳುಂಟು. ಗಮನಾರ್ಹವಾದದ್ದೆಂದರೆ ಮದ್ದು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವವನಿಗೂ ವೈದ್ಯನ ಸಾಲಿನಲ್ಲಿಯೇ ಸ್ಥಾನವಿದೆ. ಮಕ್ಕಳು ಹೊರದೇಶದಲ್ಲಿದ್ದು, ವೃದ್ಧ ದಂಪತಿಗಳಿಬ್ಬರೇ ಬಹುಮಹಡಿ ಕಟ್ಟಡದ ಮನೆಯಲ್ಲಿ ಒಬ್ಬರ ಮಾತ್ರೆಯನ್ನು ಮತ್ತೊಬ್ಬರು ಎಣಿಸಿಕೊಡುತ್ತ ಬಾಳುವ ಈ ಕಾಲದಲ್ಲಿ ಆ ನಾಲ್ಕನೆಯ ಅಂಗದ ಕೊರತೆ ಎಷ್ಟೆಂಬುದನ್ನು ಯಾವ ಸಂಘದ ಸದಸ್ಯರಿಗೂ ವಿವರಿಸಬೇಕಾಗಿಲ್ಲ. ಮೊದಲ ಮೂರು ಅಂಗಗಳು ದುಡ್ಡಿಗೆ ದೊರೆಯುತ್ತವೆ, ಅಥವಾ ತಾವಾಗಿಯೇ ಬಂದಿರುತ್ತವೆ, ನಾಲ್ಕನೆಯದು ಹಾಗಲ್ಲ.

ಈ ಅಧ್ಯಾಯ ಧರ್ಮದ ಭಾಗದಲ್ಲಿಲ್ಲ, ಅರ್ಥದ ಭಾಗದಲ್ಲಿದೆ. ಹದಿಮೂರನೆಯ ಶತಮಾನದ ವ್ಯಾಖ್ಯಾನಕಾರ ಪರಿಮೇಲಳಗರ್ ಅನುಸರಿಸಿದ, ಇಂದು ಬಳಕೆಯಲ್ಲಿರುವ ಕ್ರಮದಲ್ಲಿ ಇದಕ್ಕೆ ಮೊದಲು ಬರುವುದು ಜೂಜು, ಅದಕ್ಕೆ ಮೊದಲು ಮದ್ಯ. ಮದ್ಯ, ಜೂಜು, ರೋಗ! ಆಸ್ತಿಯನ್ನು ಕರಗಿಸುವ ಮೂರೂ ಒಂದರ ಪಕ್ಕದಲ್ಲೊಂದು ಕುಳಿತಿವೆ. ಆರೋಗ್ಯವೆಂಬುದು ಕೇವಲ ಪುಣ್ಯಪಾಪಗಳ ಫಲವಲ್ಲ, ಕೋಶಕ್ಕೆ ಸಂಬಂಧಿಸಿದ ವಿಷಯವೆಂಬ ತಿಳಿವು ಈ ಜೋಡಣೆಯಲ್ಲಿದೆ. ಒಂದು ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಮನೆಯ ಒಡವೆಗಳು ಬ್ಯಾಂಕಿನ ಕಪಾಟು ಸೇರುವುದನ್ನು, ಸೇರಿದವು ಹಿಂತಿರುಗದಿರುವುದನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು.

ಊಟವನ್ನು ಕುರಿತು ಹೇಳುವಾಗ ವಳ್ಳುವರ್ ಬಳಸುವ ಒಂದು ಶಬ್ದ ‘ಅಳವು’. ಪ್ರಮಾಣವನ್ನರಿತು ಉಣ್ಣು ಎಂಬಲ್ಲಿ ಅದೇ. ಜಠರಾಗ್ನಿಯ ಶಕ್ತಿಯೆಂಬಲ್ಲಿ ಅದೇ. ರೋಗಿಯ ಸ್ಥಿತಿಯೆಂಬಲ್ಲಿಯೂ ಅದೇ. ಬಲವನ್ನರಿಯುವುದನ್ನು ಕುರಿತ ನಲವತ್ತೆಂಟನೆಯ ಅಧ್ಯಾಯಕ್ಕೆ ಹೋದರೆ ಅಲ್ಲಿಯೂ ಈ ಶಬ್ದ ಕಾದುಕೊಂಡಿದೆ. ತನ್ನ ಪ್ರಮಾಣವನ್ನರಿಯದೆ ಬಾಳುವವನ ಸಂಪತ್ತು ಇದ್ದಂತೆ ತೋರಿ ಇಲ್ಲವಾಗುವುದೆಂದು ಹೇಳುವಾಗ, ಊಟಕ್ಕೆ ಬಳಸಿದ ಮಾತನ್ನೇ ಹಣಕ್ಕೂ ಬಳಸುತ್ತಾನೆ. ಹೊಟ್ಟೆಗೂ ಹಣದ ಚೀಲಕ್ಕೂ ಒಂದೇ ಅಳತೆಗೋಲು. ಆದಾಯ ಚಿಕ್ಕದಾದರೂ ಚಿಂತೆಯಿಲ್ಲ, ವೆಚ್ಚದ ಬಾಯಿ ಅಗಲವಾಗದಿರಲಿ ಎಂಬ ಅರ್ಥಶಾಸ್ತ್ರವೂ ಆ ಅಧ್ಯಾಯದಲ್ಲಿಯೇ ಇದೆ.

ಅದೇ ಅಧ್ಯಾಯದ ಒಂದು ಚಿತ್ರವಂತೂ ಮರೆಯುವಂತಹುದಲ್ಲ: ನವಿಲುಗರಿಗಳ ಹೊರೆಗೆ ಅಚ್ಚು ಮುರಿದ ಬಂಡಿ. ರಾಜನು ಶತ್ರುಬಲವನ್ನು ಹಗುರವಾಗಿ ಎಣಿಸಬಾರದೆಂಬ ಸಂದರ್ಭದ್ದು ಅದು. ಆದರೆ ಈ ಕಾಲದಲ್ಲಿ ಸಾಲದ ಕಾಗದಗಳನ್ನು ನೋಡುವ ಮೇಜಿನ ಮುಂದೆ ದಿನವೂ ಆ ಬಂಡಿಯೇ ಬಂದು ನಿಲ್ಲುತ್ತದೆ. ಫ್ರಿಜ್ಜಿನ ಕಂತು ಹಗುರ. ಮೊಬೈಲಿನ ಕಂತು ಅದಕ್ಕಿಂತ ಹಗುರ. ಕ್ರೆಡಿಟ್ ಕಾರ್ಡಿನವರು ಕೇಳುವ ಕನಿಷ್ಠ ಮೊತ್ತವಂತೂ ಗಾಳಿಗೆ ಹಾರುವಷ್ಟು. ಪ್ರತಿಯೊಂದೂ ಗರಿಯೇ. ಯಾವ ಗರಿಗೆ ಅಚ್ಚು ಮುರಿಯಿತೆಂದು ಸಾಲಗಾರನೂ ಹೇಳಲಾರ, ಸಾಲ ಕೊಟ್ಟವನೂ ಹೇಳಲಾರ. ಸಂಜೆಯ ಕಾಫಿಯೊಡನೆ ಬರುವ ಒಂದೊಂದು ಬೋಂಡವೂ, ಹುಟ್ಟುಹಬ್ಬಕ್ಕೆಂದು ಕಚೇರಿಯಲ್ಲಿ ಹಂಚುವ ಒಂದೊಂದು ಮೈಸೂರುಪಾಕಿನ ತುಂಡೂ ಹೀಗೆಯೇ. ಐವತ್ತರ ಅಂಚಿನಲ್ಲಿ ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದು, ‘ನಾನೇನೂ ಅಷ್ಟು ತಿನ್ನುವವನಲ್ಲವಲ್ಲ’ ಎಂದು ಆಶ್ಚರ್ಯಪಡುವ ಗುಮಾಸ್ತನ ಮಾತಿನಲ್ಲಿ ಸುಳ್ಳಿಲ್ಲ; ಅವನು ಗರಿಗಳನ್ನು ಎಣಿಸಿರಲಿಲ್ಲ, ಅಷ್ಟೆ.

ಮಿತವೆಂದೊಡನೆ ಜಿಪುಣತನವೆಂದು ಭಾವಿಸುವವರುಂಟು. ವಳ್ಳುವರ್ ಆ ಬಾಗಿಲನ್ನೂ ಮುಚ್ಚಿದ್ದಾನೆ. ಇಪ್ಪತ್ತೆರಡನೆಯ ಅಧ್ಯಾಯ ಲೋಕೋಪಕಾರವನ್ನು ಕುರಿತದ್ದು. ಅಲ್ಲಿ ಮೂರು ಕುರಳುಗಳಲ್ಲಿ ಸಾಲಾಗಿ ಸಂಪತ್ತಿಗೆ ಮೂರು ಉಪಮೆಗಳು ಬರುತ್ತವೆ. ತಿಳಿದವನ ಸಂಪತ್ತು ಊರು ನೀರು ಕುಡಿಯುವ ತುಂಬಿದ ಕೆರೆ. ಉಪಕಾರಿಯ ಸಂಪತ್ತು ಊರ ನಡುವೆ ಹಣ್ಣಾದ ಮರ. ಉದಾರಿಯ ಸಂಪತ್ತು ತಪ್ಪದೆ ಮದ್ದಾಗಿ ಒದಗುವ ಮರ. ತೊಂಬತ್ತೈದನೆಯ ಅಧ್ಯಾಯದಲ್ಲಿ ಬೇರು ಸೊಪ್ಪುಗಳ ಸುಳಿವಿಲ್ಲವೆಂದು ಹೇಳಿತಷ್ಟೆ. ಮದ್ದಿನ ಮರ ಇಲ್ಲಿದೆ, ಸಂಪತ್ತಿನ ರೂಪದಲ್ಲಿ. ದಾನವನ್ನು ಹೇಳುವ ಮುಂದಿನ ಅಧ್ಯಾಯದಲ್ಲಿ ಬಡವನ ಹಸಿವನ್ನು ನೀಗಿಸುವುದೇ ಹಣವುಳ್ಳವನು ತನ್ನ ಹಣವನ್ನು ಇಟ್ಟುಕೊಳ್ಳುವ ಭದ್ರವಾದ ಎಡೆಯೆಂಬ ಮಾತಿದೆ. ಠೇವಣಿಯ ಲೆಕ್ಕ ಬಲ್ಲವರು ಇದನ್ನು ಕೇವಲ ಅಲಂಕಾರವೆಂದು ತಳ್ಳಿಹಾಕಬಾರದು. ಈ ಠೇವಣಿಗೆ ಅವಧಿಯೂ ಇಲ್ಲ, ರಸೀತಿಯೂ ಇಲ್ಲ. ಆದರೆ ಸಂಘದ ವತಿಯಿಂದ ಒಬ್ಬ ಬಡ ರೋಗಿಯ ಡಯಾಲಿಸಿಸ್ ವೆಚ್ಚಕ್ಕೆ ನೆರವಾದವರಿಗೆ ಅದರ ಬಡ್ಡಿ ಯಾವ ನಾಣ್ಯದಲ್ಲಿ ಬರುವುದೆಂದು ಗೊತ್ತು. ಹೋಲಿಕೆಯ ಇನ್ನೊಂದು ತುದಿಯನ್ನೂ ಕವಿ ಬಿಟ್ಟಿಲ್ಲ: ಯಾರಿಗೂ ಬೇಡವಾದವನ ಐಶ್ವರ್ಯಕ್ಕೆ ನೂರೊಂದನೆಯ ಅಧ್ಯಾಯದಲ್ಲಿ ಊರ ನಡುವೆ ಕಾಯಿಬಿಟ್ಟ ವಿಷವೃಕ್ಷದ ಹೋಲಿಕೆ ಬರುತ್ತದೆ. ಎರಡು ಅಧ್ಯಾಯಗಳ ನಡುವೆ ಸುಮಾರು ಎಂಟುನೂರು ಕುರಳುಗಳ ಅಂತರ. ಊರು ಅದೇ, ನಡುಬೀದಿ ಅದೇ, ಮರ ಮಾತ್ರ ಬೇರೆ. ಬಸ್ಸಿನಲ್ಲಿ ಒಂದೊಂದೇ ಓದುವವನಿಗೆ ಇವೆರಡೂ ಭೇಟಿಯಾಗುವುದೇ ಇಲ್ಲ.

ಮದ್ದಿನ ಶಬ್ದ ಅತಿಥಿಸತ್ಕಾರದ ಅಧ್ಯಾಯದಲ್ಲಿಯೂ ಇದೆ, ಅಮೃತವೆಂಬ ಅರ್ಥದಲ್ಲಿ: ಅತಿಥಿ ಹೊರಗಿರುವಾಗ ಅಮೃತವಾದರೂ ಒಬ್ಬನೇ ಉಣ್ಣತಕ್ಕದ್ದಲ್ಲ. ಕಾಮದ ಭಾಗದಲ್ಲಿ ಪ್ರಿಯೆಯ ಒಂದು ನೋಟ ರೋಗವನ್ನು ತರುತ್ತದೆ, ಇನ್ನೊಂದು ಅದಕ್ಕೆ ಮದ್ದಾಗುತ್ತದೆ. ಧರ್ಮ, ಅರ್ಥ, ಕಾಮ ಮೂರರಲ್ಲಿಯೂ ಒಂದೇ ಶಬ್ದ ಸುಳಿದಾಡುವುದನ್ನು ಕಂಡಾಗ, ಈ ಕವಿ ಬಾಳನ್ನು ಖಾನೆಗಳಾಗಿ ಕತ್ತರಿಸಿದವನಲ್ಲವೆಂದು ಮನವರಿಕೆಯಾಗುತ್ತದೆ.

ನೀತಿಗೂ ಔಷಧಕ್ಕೂ ನಂಟು ಕಲ್ಪಿಸಿದವನು ಅವನೊಬ್ಬನೇ ಅಲ್ಲ. ಕುರಳು ಸೇರಿರುವ ‘ಪದಿನೆಣ್ ಕೀೞ್ಕಣಕ್ಕು’ ಎಂಬ ಹದಿನೆಂಟು ಗ್ರಂಥಗಳ ಗುಂಪಿನಲ್ಲಿ ಮೂರಕ್ಕೆ ಔಷಧಗಳದೇ ಹೆಸರು. ಶುಂಠಿ, ಮೆಣಸು, ಹಿಪ್ಪಲಿಗಳ ‘ತಿರಿಕಡುಕಂ’. ನೆಲಗುಳ್ಳ, ನೆಗ್ಗಿಲು ಮೊದಲಾದ ಐದು ಬೇರುಗಳ ‘ಸಿರುಪಂಚಮೂಲಂ’. ಏಲಕ್ಕಿ ಮೊದಲಾದ ಆರು ದ್ರವ್ಯಗಳ ‘ಏಲಾದಿ’. ಒಂದೊಂದು ಪದ್ಯದಲ್ಲಿಯೂ ಕ್ರಮವಾಗಿ ಮೂರು, ಐದು, ಆರು ಹಿತವಚನಗಳನ್ನು ಅರೆದು ಕೊಡುವ ಸಂಕಲ್ಪ ಅವುಗಳದು. ಕಡೆಯ ಎರಡೂ ಜೈನ ಕವಿಗಳ ಕೃತಿಗಳು. ಅದೇ ಗುಂಪಿನ ‘ನಾಲಡಿಯಾರ್’ ಕೂಡ ಜೈನ ಮುನಿಗಳ ನಾನೂರು ಪದ್ಯಗಳ ಸಂಗ್ರಹ. ಜೈನ ಕವಿಗಳಿಂದಲೇ ತನ್ನ ಆದಿಯ ಮಹಾಕಾವ್ಯಗಳನ್ನು ಪಡೆದ ಕನ್ನಡಕ್ಕೆ ಈ ಮನೆಯೂ ಪರಕೀಯವಾಗಬೇಕಾಗಿಲ್ಲ. ಆದರೂ ಕಾವ್ಯವಾಗಿ ನೋಡಿದರೆ ಈ ಔಷಧದ ಹೆಸರಿನ ಗ್ರಂಥಗಳಿಗಿಂತ ಔಷಧದ ಹೆಸರೇ ಇಲ್ಲದ ಆ ಹತ್ತು ಕುರಳುಗಳು ಮೇಲು. ಪಟ್ಟಿಗೂ ವಿಚಾರಕ್ಕೂ ಇರುವ ಅಂತರವದು.

ಇಷ್ಟು ಹೊಗಳಿದ ಮೇಲೆ ಎರಡು ಎಚ್ಚರಿಕೆಗಳೂ ಅಗತ್ಯ. ಪ್ರಾಚೀನ ಗ್ರಂಥವೊಂದು ಕೈಗೆ ಸಿಕ್ಕರೆ ಅದರಲ್ಲಿ ಇಂದಿನ ವಿಜ್ಞಾನವೆಲ್ಲ ಅಡಗಿದೆಯೆಂದು ಸಾರುವ ಚಪಲ ಈಚೆಗೆ ಹೆಚ್ಚಾಗಿದೆ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ; ಅದು ವಾತಪಿತ್ತಕಫಗಳ ಲೆಕ್ಕಕ್ಕೆ ಸಿಕ್ಕುವಂತಹುದಲ್ಲ. ಚೆನ್ನಾಗಿ ಹಸಿದ ಮೇಲೆಯೇ ಉಣ್ಣಬೇಕೆಂಬ ನಿಯಮವನ್ನು ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವ ಮಧುಮೇಹಿಗಳು ಕುರುಡಾಗಿ ಪಾಲಿಸಿದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಅವರು ವೈದ್ಯರು ಹೇಳಿದ ಹೊತ್ತಿಗೆ ಉಣ್ಣಬೇಕು. ‘ಮಿತಾಹಾರವಿದ್ದರೆ ಮದ್ದೇ ಬೇಡವೆಂದು ವಳ್ಳುವರೇ ಹೇಳಿದ್ದಾರೆ’ ಎಂದು ರಕ್ತದೊತ್ತಡದ ಮಾತ್ರೆಯನ್ನು ತಾವಾಗಿ ನಿಲ್ಲಿಸುವವರು ಒಂದು ಕುರಳನ್ನು ಓದಿದ್ದಾರೆ, ಅಧ್ಯಾಯವನ್ನು ಓದಿಲ್ಲ. ರೋಗದ ಮೂಲವನ್ನು ಅರಸಬೇಕೆಂದೂ, ಕಲಿತ ವೈದ್ಯನು ರೋಗಿಯನ್ನು ಅಳೆದು ನೋಡಬೇಕೆಂದೂ ಅದೇ ಅಧ್ಯಾಯ ಹೇಳುತ್ತದೆ. ಬಿಡಿ ಓದಿನಿಂದ ದೇಹಕ್ಕೇ ಹಾನಿಯಾಗುವ ಪ್ರಸಂಗವಿದು.

ಎರಡನೆಯದು, ವಳ್ಳುವರ್ ಹೇಳಿದ್ದೆಲ್ಲ ಇಂದಿಗೆ ಸಲ್ಲುವುದಿಲ್ಲ. ಗೃಹಿಣಿಯು ದೈವವನ್ನು ಬಿಟ್ಟು ಪತಿಯನ್ನೇ ಪೂಜಿಸಬೇಕೆಂಬ ಕುರಳು, ಹೆಂಡತಿಯ ಮಾತು ಕೇಳುವ ಗಂಡನನ್ನು ಹೀಗಳೆಯುವ ತೊಂಬತ್ತೊಂದನೆಯ ಅಧ್ಯಾಯ, ಇವುಗಳಿಗೆ ವ್ಯಾಖ್ಯಾನದ ಬಣ್ಣ ಬಳಿದು ಅಂದಗೊಳಿಸುವ ಪ್ರಯತ್ನ ವ್ಯರ್ಥ. ಆ ಕಾಲದ ಮಾತೆಂದು ಒಪ್ಪಿ ಮುಂದೆ ಸಾಗುವುದೇ ಮೇಲು. ಕುರಳನ್ನು ಪೂಜಿಸುವವನಿಗೆ ಇದು ಕಷ್ಟ, ಓದುವವನಿಗೆ ಅಲ್ಲ.

ಓದಲು ಕನ್ನಡಿಗನಿಗೆ ಅಡ್ಡಿಯೇನು? ತಮಿಳು ಲಿಪಿ ಬಾರದೆಂಬುದು ನೆಪ. ಆರ್. ನರಸಿಂಹಾಚಾರ್ಯರು ಬಹು ಹಿಂದೆಯೇ ‘ನೀತಿಮಂಜರಿ’ಯಲ್ಲಿ ಆಯ್ದ ಭಾಗಗಳನ್ನು ಕನ್ನಡಕ್ಕೆ ತಂದರು, ಎಲ್. ಗುಂಡಪ್ಪನವರು ಇಡೀ ಗ್ರಂಥವನ್ನೇ ಅನುವಾದಿಸಿದರು. ಹೊರನಾಡಿನ ಸಂಘಗಳಲ್ಲಿ ದಾಸರ ಪದಗಳೂ ವಚನಗಳೂ ನಡೆಯುತ್ತವೆ, ನಡೆಯಬೇಕು. ಅವುಗಳೊಡನೆ ತಿಂಗಳಿಗೊಂದು ಭಾನುವಾರ, ಕುರಳಿನ ಒಂದೇ ಒಂದು ಅಧ್ಯಾಯ: ಹತ್ತು ದ್ವಿಪದಿಗಳನ್ನು ತಮಿಳು ಬಲ್ಲ ಸದಸ್ಯರೊಬ್ಬರು ಮೂಲದಲ್ಲಿ ಓದಲಿ, ಇನ್ನೊಬ್ಬರು ಕನ್ನಡದಲ್ಲಿ ಅರ್ಥ ಹೇಳಲಿ, ಉಳಿದವರು ಜಗಳವಾಡಲಿ. ಪಕ್ಕದ ಮನೆಯ ತಮಿಳರನ್ನೂ ಕರೆಯಲಿ. ಹದಿನೆಂಟು ವರ್ಷ ಮುಸುಕು ಹಾಕಿದ್ದಕ್ಕೆ ಅಷ್ಟಾದರೂ ಸಲ್ಲಬೇಕು. ಬಾಯಿಪಾಠದ ಸ್ಪರ್ಧೆ ಬೇಡ, ಬಹುಮಾನದ ಸ್ಟೀಲು ಲೋಟವೂ ಬೇಡ. ತಿಂಗಳಿಗೊಂದರಂತೆ 133 ಅಧ್ಯಾಯಗಳಿಗೆ ಹನ್ನೊಂದು ವರ್ಷ ಒಂದು ತಿಂಗಳು ಹಿಡಿಯುತ್ತದೆ. ಗೃಹಸಾಲದ ಅವಧಿಗಿಂತ ಕಡಿಮೆಯೇ.

ಮೊದಲನೆಯ ಅಧ್ಯಾಯದಿಂದಲೇ ಆರಂಭಿಸಬೇಕೆಂಬ ನಿರ್ಬಂಧವಿಲ್ಲ. ತೊಂಬತ್ತೈದನೆಯದರಿಂದ ತೊಡಗಿ, ಅನಂತರ ನಲವತ್ತೆಂಟು, ಆಮೇಲೆ ಇಪ್ಪತ್ತೆರಡು ಎಂದು ಹಿಂದಕ್ಕೆ ಹೋದರೂ ಆದೀತು. ವಾರ್ಷಿಕೋತ್ಸವದ ದಿನದಂದೇ ಪ್ರಾರಂಭಿಸುವುದಾದರೆ ಕಾರ್ಯಕಾರಿ ಸಮಿತಿಯವರು ಒಂದು ವಿಷಯವನ್ನು ಮಾತ್ರ ಲಕ್ಷ್ಯದಲ್ಲಿಡಬೇಕು: ಆ ಓದನ್ನು ಹೋಳಿಗೆಯೂಟಕ್ಕೆ ಮುಂಚೆ ಇಟ್ಟುಕೊಳ್ಳಲಿ, ಊಟದ ಅನಂತರ ಇಟ್ಟರೆ ಸಭಿಕರಲ್ಲಿ ಅರ್ಧದಷ್ಟು ಮಂದಿ ನಿದ್ರಿಸುತ್ತಿರುತ್ತಾರೆ.